ಬೀರಿನಲ್ಲಿ ಬೆಂದ ಅಣಬೆಗೆ ಹಸಿರು ಚುಕ್ಕಿ

ನಿವೃತ್ತಿಯಾಗಬೇಕಾದರೆ ಅರವತ್ತು ತುಂಬಿರಬೇಕು ಎನ್ನುವುದು ಸರ್ಕಾರಿ ನೌಕರರ ವಾದ. ನಾನದನ್ನು ಒಪ್ಪುವುದಿಲ್ಲ. ನನಗಿನ್ನೂ ಮೂವತ್ತನಾಲ್ಕು, ಹೋಟೆಲ್ ಅಡುಗೆಮನೆಯಿಂದ ನಿವೃತ್ತಳಾಗಿದ್ದೇನೆ. ಒಣಮೆಣಸಿನಕಾಯಿಯ ಘಾಟು, ತಂದೂರಿನ ಹೊಗೆ ಎರಡೂ ಸೇರಿ ನನ್ನ ಎದೆಯನ್ನು ಕೆಡಿಸಿದವು. ಇನ್ನೂ ಒಲೆಯ ಮುಂದೆಯೇ ನಿಲ್ಲುವುದಾದರೆ ನನ್ನ ಹತ್ತಿರ ಬರಬೇಡ ಎಂದು ಡಾಕ್ಟರು ಹೇಳಿದಾಗ ಅವರ ಜೊತೆಗೂ ವಾದಕ್ಕಿಳಿದೆ. ನಡುವೆ ಕೆಮ್ಮು ಬಂತು, ವಾದ ಅಲ್ಲಿಗೇ ನಿಂತಿತು.

ಈಗ ಈ ಕೆಲಸಕ್ಕೆ ಬರುವವರು ಫೋನಿನಲ್ಲಿ ಅಡುಗೆ ನೋಡಿಕೊಂಡು ಬರುತ್ತಾರೆ. ಬಿಳಿ ಟೊಪ್ಪಿಗೆ, ಚಕಚಕ ಓಡುವ ಚಾಕು, ಬಾಣಲೆಯಿಂದ ಮೇಲಕ್ಕೇಳುವ ಬೆಂಕಿ. ಇದೆಲ್ಲ ಇರುವುದು ನಿಜ, ಸುಳ್ಳಲ್ಲ. ಆದರೆ ಅಡುಗೆಮನೆಯಲ್ಲಿ ನಡೆಯುವ ದೊಡ್ಡ ಜಗಳಗಳು ರುಚಿಯ ಬಗ್ಗೆ ಇರುವುದಿಲ್ಲ ಎನ್ನುವುದು ಫೋನಿನಲ್ಲಿ ಕಾಣುವುದಿಲ್ಲ. ಬಡ್ತಿ, ಸಂಬಳ, ಹುದ್ದೆ ಇವನ್ನೆಲ್ಲ ಬದಿಗಿಟ್ಟು ನಾನು ಬರೆಯಲು ಹೊರಟಿರುವುದು ಅಂಥ ಒಂದು ಜಗಳವನ್ನೇ. ಅಲ್ಲಿಗೆ ತಲುಪುವ ಮೊದಲು ಎರಡು ಊರು ದಾಟಬೇಕು.

ನಮ್ಮದು ತೆಲುಗು ಗಡಿಯ ದೌಲತಾಬಾದ್ ಕಡೆಯ ಒಕ್ಕಲುತನದ ಮನೆ. ಬೀದರಿನಲ್ಲಿ ಓದುವಾಗ ಕಾಲೇಜಿನ ಚರ್ಚಾತಂಡದಲ್ಲಿದ್ದೆ. ಅಲ್ಲಿ ಚೀಟಿ ಎತ್ತಿ, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ಮಾತನಾಡಬೇಕಿತ್ತು. ಯಾವ ಮಾತಿಗೂ ಇನ್ನೊಂದು ಮಗ್ಗುಲಿದೆ ಎಂಬ ಚಟ ನನಗೆ ಹತ್ತಿದ್ದು ಅಲ್ಲಿಯೇ. ಆ ಚಟವನ್ನು ಹೊತ್ತುಕೊಂಡೇ ತಾಂಡೂರಿನ ಒಂದು ಲಾಡ್ಜಿನ ಅಡುಗೆಮನೆಗೆ ಕೆಲಸಕ್ಕೆ ಸೇರಿದೆ. ನೆಲಹಾಸಿನ ಕಲ್ಲು ಕೊಳ್ಳಲು ದೂರದಿಂದ ಬರುವ ವ್ಯಾಪಾರಿಗಳು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಒಂದು ದಿನ ಅಣಬೆ ಪಲ್ಯ ಬೇಕೆಂದರು. ನಾನು ಅಣಬೆಯನ್ನು ನೀರಿನಲ್ಲಿ ನೆನೆಸಿ ತೊಳೆದು, ಅಷ್ಟನ್ನೂ ಒಂದೇ ಬಾಣಲೆಗೆ ಸುರಿದೆ. ಅಣಬೆ ತನ್ನ ಒಡಲ ನೀರನ್ನೆಲ್ಲ ಬಿಟ್ಟಿತು. ತಟ್ಟೆ ನೋಡಿದ ವ್ಯಾಪಾರಿ, ಇದರಲ್ಲಿ ತಿನ್ನಬೇಕೋ ಈಜಬೇಕೋ ಎಂದು ಕೇಳಿದ. ಅಣಬೆಯ ನೀರಿನಲ್ಲಿಯೇ ಸತ್ವ ಇರುವುದೆಂದು ನಾನು ಊಟದ ಮೇಜಿನ ಮುಂದೆ ನಿಂತು ಸಾಧಿಸಿ ತೋರಿಸಿದೆ. ಆತ ಒಪ್ಪಿಕೊಂಡ, ಊಟ ಬಿಟ್ಟು ಎದ್ದ. ಅದೇ ವಾರ ನನ್ನನ್ನೂ ಎಬ್ಬಿಸಿ ಕಳಿಸಿದರು.

ಅಲ್ಲಿಂದ ನಾರಾಯಣಖೇಡದಲ್ಲಿ ಮದುವೆ ಅಡುಗೆ ಮಾಡುವವರ ಜೊತೆ ಸೇರಿಕೊಂಡೆ. ಕಟ್ಟಿಗೆ ಒಲೆ ಹೋಗಿ ದೊಡ್ಡ ಗ್ಯಾಸ್ ಬರ್ನರ್‌ಗಳು ಬರುತ್ತಿದ್ದ ಕಾಲ. ಕೆಂಡ ನಿಧಾನಕ್ಕೆ ಕಾಯುತ್ತಿತ್ತು, ಬರ್ನರ್ ಒಮ್ಮೆಲೇ ಭುಸ್ಸೆನ್ನುತ್ತದೆ. ಹಳೆಯ ಅಂದಾಜಿನಲ್ಲಿ ಬೆಳ್ಳುಳ್ಳಿ ಹಾಕಿ ತಿರುಗಿ ನೋಡುವಷ್ಟರಲ್ಲಿ ಕಪ್ಪಾಗಿರುತ್ತಿತ್ತು. ಸುಟ್ಟ ಬೆಳ್ಳುಳ್ಳಿಗೆ ಕ್ಷಮೆ ಇಲ್ಲ. ಬೆಲ್ಲ ಹಾಕಿ, ಹುಳಿ ಹಿಂಡಿ, ಏನು ಮಾಡಿದರೂ ಆ ಕಹಿ ಕೊನೆಯ ತುತ್ತಿನವರೆಗೂ ಬರುತ್ತದೆ. ಇದೊಂದನ್ನು ನಾನು ವಾದವಿಲ್ಲದೆ ಕಲಿತೆ.

ಇನ್ನೊಂದು ಸಂಗತಿಯನ್ನೂ ಅಲ್ಲಿ ಕಂಡೆ. ಪಂಗತಿಗೆ ಕೂತ ಹಿರಿಯರು ಅಡುಗೆ ಏನೇನಿದೆ ಎಂದು ಕೇಳುತ್ತಿರಲಿಲ್ಲ. ಬಡಿಸುವವನನ್ನು ನಿಲ್ಲಿಸಿ, "ಅಡಗಿ ಯಾರದಪಾ?" ಎನ್ನುತ್ತಿದ್ದರು. ಗೊತ್ತಿರುವ ಹೆಸರು ಬಂದರೆ ತಲೆ ತಗ್ಗಿಸಿ ಊಟ ಶುರು ಮಾಡುತ್ತಿದ್ದರು. ಎಲೆಯ ಮೇಲೆ ಏನಿದೆ ಎಂಬ ವಿಚಾರ ಅಲ್ಲಿಗೆ ಮುಗಿಯುತ್ತಿತ್ತು. ಇದು ಪರೀಕ್ಷೆಯೇ ಅಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಒಳ್ಳೆಯವರ ಕೈಯಲ್ಲೂ ಕೆಟ್ಟ ಎಣ್ಣೆ ಇರಬಹುದಲ್ಲ? ಜೊತೆಯವರು ನಕ್ಕು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಆಮೇಲೆ ಜಹೀರಾಬಾದ್. ಹೆದ್ದಾರಿಯ ಪಕ್ಕದ ಹೋಟೆಲು, ಕೆಳಗೆ ಬಾರ್, ಮೇಲೆ ಫ್ಯಾಮಿಲಿ ಸೆಕ್ಷನ್, ಎರಡಕ್ಕೂ ಒಂದೇ ಅಡುಗೆಮನೆ. ಅಲ್ಲಿಯ ಮುಖ್ಯ ಅಡುಗೆಯವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಹೆಸರು ವೀರಣ್ಣ, ಕೊಡಂಗಲ್ ಕಡೆಯವರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಮಾಂಸದ ಒಲೆ ಬೇರೆಯವರದು, ಶಾಕಾಹಾರದ ಒಲೆ ಇವರದು. ನಾನು ಇವರ ಕೈಕೆಳಗೆ. ಮೊದಲ ವಾರವೇ ನನಗೆ ವಕೀಲಬಾಯಿ ಎಂದು ಹೆಸರಿಟ್ಟರು.

ಕಾರ್ಖಾನೆಗಳಿಗೆ ಬಂದುಹೋಗುವ ಹೊರಗಿನವರು ಬಾರಿನಲ್ಲಿ ಕೂತು ಹೊಸದೇನಾದರೂ ಕೊಡಿ ಎನ್ನತೊಡಗಿದ ಮೇಲೆ ಮಾಲೀಕರು ಎಲ್ಲೋ ತಿಂದು ಬಂದದ್ದೊಂದನ್ನು ಹೇಳಿದರು. ಬೆಳ್ಳುಳ್ಳಿ ಅಣಬೆ, ಸ್ಟೌಟ್ ಬೀರಿನ ಸಾಸಿನಲ್ಲಿ. ಸ್ಟೌಟ್ ಎಂದರೆ ಹುರಿದು ಕಪ್ಪಾಗಿಸಿದ ಬಾರ್ಲಿಯಿಂದ ತೆಗೆದ ಬೀರು. ಬಣ್ಣ ಕಾಫಿ ಕಷಾಯದ್ದು, ಕಹಿಯೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಸಾಸು ಮಾಡುವುದು ಸುಲಭವಲ್ಲ. ಕುದಿಸಿ ಇಂಗಿಸಿದಷ್ಟೂ ಸಾಸು ಗಟ್ಟಿಯಾಗುತ್ತದೆ, ಕಹಿಯೂ ಗಟ್ಟಿಯಾಗುತ್ತದೆ. ಮೊದಲ ಮೂರು ನಾಲ್ಕು ಸಲ ಮಾಡಿದ್ದನ್ನು ಯಾರೂ ಬಾಯಿಗಿಡಲು ಆಗಲಿಲ್ಲ.

ದಾರಿ ಕಂಡುಹಿಡಿದದ್ದು ಉಸ್ತಾದರು. ಅಣಬೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ಹೋಳು ಮಾಡುವುದು. ಬಾಣಲೆ ಚೆನ್ನಾಗಿ ಕಾದ ಮೇಲೆ, ಎಣ್ಣೆ ಹಾಕದೆ, ಒಂದರ ಮೇಲೊಂದು ಬೀಳದಂತೆ ಹರಡುವುದು. ಆಮೇಲೆ ಕೈ ಕಟ್ಟಿ ನಿಲ್ಲುವುದು. ನೀರು ಬಿಟ್ಟು, ಆ ನೀರೂ ಆರಿ, ಅಂಚು ಕಂದುಬಣ್ಣಕ್ಕೆ ಬರುವವರೆಗೆ ಮುಟ್ಟಬಾರದು. ನಾನು ಸೌಟು ಆಡಿಸಲು ಹೋದರೆ, "ಅಣಬಿ ಮುಂದ ಸುಮ್ಮ ನಿಂದ್ರೂದು ಕಲಿ. ವಕೀಲರಿಗಿ ಅದೊಂದು ಬರಂಗಿಲ್ಲ" ಎನ್ನುವರು. ಬಳಿಕ ಉರಿ ತಗ್ಗಿಸಿ ಬೆಣ್ಣೆ, ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ. ಬೆಳ್ಳುಳ್ಳಿ ಮೆತ್ತಗಾಗುತ್ತಲೇ ಸ್ಟೌಟ್. ನೊರೆ ಇಳಿದು ಅದು ಅರ್ಧಕ್ಕಿಂತ ಕಡಿಮೆಯಾದಾಗ ನಮ್ಮ ಕಡೆಯ ಕಬ್ಬಿನ ಬೆಲ್ಲ, ಕುಟ್ಟಿದ ಮೆಣಸು, ಹುರಿದ ಜೋಳದ ಹಿಟ್ಟನ್ನು ಕದಡಿದ ನೀರು. ಉಪ್ಪು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಮೊದಲೇ ಹಾಕಿದರೆ ಸಾಸು ಇಂಗಿದಂತೆಲ್ಲ ಉಪ್ಪೇ ಉಳಿಯುತ್ತದೆ. ಬೆಲ್ಲ ಮತ್ತು ಜೋಳ ಸೇರಿ ಆ ಕಹಿಯನ್ನು ಪಳಗಿಸಿದವು. ಬಾರಿನವರು ಅದನ್ನು ರೊಟ್ಟಿಯಲ್ಲಿ ಬಳಿದು ತಿನ್ನತೊಡಗಿದರು. ಬೀರಿನ ವಾಸನೆ ಮಾತ್ರ ಬರುವುದಿಲ್ಲ ಎಂದು ಒಬ್ಬಿಬ್ಬರು ಗೊಣಗಿದಾಗ ಮಾಲೀಕರು ಹೊಸ ಹುಕುಂ ಹೊರಡಿಸಿದರು. ಒಲೆ ಆರಿಸಿದ ಮೇಲೆ ಒಂದು ಸೌಟು ಹಸಿ ಸ್ಟೌಟನ್ನು ಮೇಲಿಂದ ಹಾಕಬೇಕು.

ಬಾಟಲಿ ಅಡುಗೆಮನೆಯ ಹೊಸ್ತಿಲು ದಾಟಬಾರದು ಎನ್ನುವುದು ಉಸ್ತಾದರ ಕಟ್ಟಳೆ. ಬಾರಿನ ಖಾಜಾ ಭಾಯಿ ಹಿಂಬಾಗಿಲ ಹೊರಗೆ ನಿಂತು ಬಾಟಲಿ ತೆರೆದು ಸ್ಟೀಲಿನ ತಂಬಿಗೆಗೆ ಸುರಿಯುತ್ತಿದ್ದ. ತಂಬಿಗೆ ಒಳಗೆ ಬರುತ್ತಿತ್ತು, ಬಾಟಲಿ ಹೊರಗೇ ಉಳಿಯುತ್ತಿತ್ತು. ಒಳಗೆ ಅದಕ್ಕೆ ಕರೀ ನೀರು ಎಂದು ಹೆಸರು. ಬೀರು ಎಂಬ ಶಬ್ದ ಉಸ್ತಾದರ ಬಾಯಲ್ಲಿ ನಾನು ಕೇಳಿರಲೇ ಇಲ್ಲ. ಪಾತ್ರೆ ಬದಲಾದರೆ ಪದಾರ್ಥ ಹೇಗೆ ಬದಲಾಗುತ್ತದೆ ಎಂದು ನಾನು ಕೆಣಕಿದೆ.

"ನೀ ಹಾಲು ಒಳಗ ತರ್ತಿ. ಎಮ್ಮಿ ತರ್ತಿಯೇನು?"

ಕಾಲೇಜಿನ ಯಾವ ಚರ್ಚೆಯೂ ನನ್ನನ್ನು ಈ ಎಮ್ಮೆಗೆ ತಯಾರು ಮಾಡಿರಲಿಲ್ಲ. ಕುದ್ದ ಮೇಲೆ ಅದರಲ್ಲಿ ಅಮಲು ಉಳಿಯುವುದಿಲ್ಲ, ಬೆಂಕಿ ಮುಟ್ಟಿದ್ದೆಲ್ಲ ಅಡುಗೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಪೂರ್ತಿ ಹೋಗುವುದಿಲ್ಲ ಉಸ್ತಾದ್, ಒಂದಿಷ್ಟು ಉಳಿಯುತ್ತದೆ ಎಂದು ನಾನು ಹೇಳಿದೆ. ನನ್ನ ಮಾತಿಗೆ ಫೋನಿನ ಸಾಕ್ಷಿ ಇತ್ತು, ಅವರ ಮಾತಿಗೆ ಅವರ ಅನುಭವ. ತೀರ್ಪು ಕೊಡುವವರಿರಲಿಲ್ಲ.

ಮೆನುವಿನಲ್ಲಿ ಅದರ ಹೆಸರು 'ಕರೀ ಸಾಸಿನ ಬೆಳ್ಳುಳ್ಳಿ ಅಣಬೆ'. ಪಕ್ಕದಲ್ಲಿ ಶಾಕಾಹಾರದ ಹಸಿರು ಚುಕ್ಕಿ. ಬೀರು ಎಂದು ಬರೆಯಿರಿ ಎಂದು ನಾನು ಮಾಲೀಕರನ್ನು ಒತ್ತಾಯಿಸಿದೆ. ಬರೆದರೆ ಮೇಲಿನ ಫ್ಯಾಮಿಲಿ ಸೆಕ್ಷನ್ ಖಾಲಿಯಾಗುತ್ತದೆ ಎಂದು ಅವರ ಅಂಜಿಕೆ. "ಬಾರ್ಲಿ ಏನು ಮಾಂಸನಾ? ಸುಳ್ಳಂತೂ ಬರದಿಲ್ಲ ಕದಾ" ಎಂದು ತೆಲುಗು ಬೆರೆಸಿ ಕೇಳಿದರು. ಚುಕ್ಕಿಯ ಮಟ್ಟಿಗೆ ಅವರ ಮಾತು ಸರಿಯೇ ಇತ್ತು, ಅದೇ ನನಗೆ ಸಿಟ್ಟು. ಕೊನೆಗೆ ಒಂದು ಬಾಯಿಮಾತಿನ ನಿಯಮವಾಯಿತು. ಅಣಬೆ ಬಾರಿಗೆ ಮಾತ್ರ, ಮೇಲಿನವರು ಕೇಳಿದರೆ ಮುಗಿದಿದೆ ಎನ್ನಬೇಕು.

ಆ ನಿಯಮ ಮುರಿದದ್ದು ಒಂದು ರವಿವಾರದ ಮಧ್ಯಾಹ್ನ. ಮುರಿದವರು ಸ್ವತಃ ಉಸ್ತಾದರು.

ಮೇಲೆ ಒಂದು ಕುಟುಂಬ ಬಂದು ಕೂತಿತ್ತು. ಬಸವರಾಜ ಎಂಬ ನಲವತ್ತರ ಆಸುಪಾಸಿನ ಮನುಷ್ಯ, ಅವನ ಹೆಂಡತಿ ಶಾರದಾ, ಅವನ ತಾಯಿ. ತಾಯಿ ಬಡಿಸುವ ನರಸಿಂಹುಲುವನ್ನು ನಿಲ್ಲಿಸಿ, ಅಡುಗೆ ಯಾರದು ಎಂದು ಕೇಳಿದರಂತೆ. ಕೊಡಂಗಲ್ ಕಡೆಯ ವೀರಣ್ಣ ಉಸ್ತಾದರದು ಎಂದು ಇವನು ಹೇಳಿದ. ಆ ಮುದುಕಿಯ ತವರೂರೂ ಅದೇ, ವೀರಣ್ಣನ ತಂದೆಯನ್ನು ಬಲ್ಲವರು. ವೀರಣ್ಣನೇ ಮಾಡುತ್ತಾನೆಂದರೆ ನಮಗೇನು ಚಿಂತೆ, ಅವನು ಏನು ಕೊಟ್ಟರೂ ಉಣ್ಣುತ್ತೇವೆ ಎಂದು ಹೇಳಿ ಕಳಿಸಿದರು.

ಉಸ್ತಾದರ ಮುಖ ಅರಳಿದ್ದನ್ನು ನಾನು ನೋಡಿದೆ. ಊರಿನವರು ಹೆಸರು ಹಿಡಿದು ಕೇಳಿದ್ದಾರೆ. ತಮ್ಮ ಕೈಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರುವುದನ್ನೇ ಕೊಡಬೇಕಲ್ಲ? ಅವರು ಅಣಬೆ ಬುಟ್ಟಿಗೆ ಕೈ ಹಾಕಿದರು. ಅದು ಬಾರಿನದಲ್ಲವೇ ಎಂದು ನಾನು ನೆನಪಿಸಿದೆ.

"ವಕೀಲಬಾಯಿ, ರವಿವಾರ ಕೋರ್ಟಿಗಿ ರಜಾ ಇರ್ತದ" ಎಂದು ಬಾಣಲೆ ಕಾಯಿಸಿದರು. ತಟ್ಟೆಯನ್ನು ತಾವೇ ಒರೆಸಿ, ಕೊನೆಯ ಸೌಟು ಕರೀ ನೀರನ್ನು ಮೇಲೆ ಹಾಕಿ, ನಮ್ಮ ಕಡೆಯಿಂದ ಎಂದು ಹೇಳು ಎಂದು ನರಸಿಂಹುಲುವಿನ ಕೈಗಿತ್ತರು.

ಸ್ವಲ್ಪ ಹೊತ್ತಿನ ಮೇಲೆ ನರಸಿಂಹುಲು ಮೆಟ್ಟಿಲು ಹಾರಿ ಬಂದ. ಮೇಲಿನ ಗಂಡಸಿನ ಮುಖ ಕೆಂಡವಾಗಿದೆ, ಬೆವರು ಹರಿಯುತ್ತಿದೆ, ಎದೆ ಹಿಡಿದುಕೊಂಡಿದ್ದಾನೆ ಎಂದ. ನಾನು ನಿಂಬೆ ನೀರು ಹಿಡಿದು ಮೇಲೆ ಓಡಿದೆ.

ಬಸವರಾಜ ಮೇಜಿಗೆ ಹಣೆ ಹಚ್ಚಿ ಕೂತಿದ್ದ. ಕುತ್ತಿಗೆಯವರೆಗೆ ಕೆಂಪು. ಶಾರದಾ ಅವನನ್ನು ಮುಟ್ಟಿರಲಿಲ್ಲ, ಎರಡು ಹೆಜ್ಜೆ ದೂರ ನಿಂತಿದ್ದಳು. ಅವಳ ಮಾತಿನಿಂದ ನನಗೆ ಸಂಗತಿ ತಿಳಿಯಿತು. ಅವನು ಕುಡಿತ ಬಿಡಲು ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಮಾತ್ರೆಯ ಮೇಲೆ ಒಂದು ಗುಟುಕು ಇಳಿದರೂ ಮುಖ ಕೆಂಪಾಗಿ ಎದೆ ಹೊಡೆದುಕೊಳ್ಳುತ್ತದೆ, ಪ್ರಾಣಕ್ಕೂ ಸಂಚಕಾರ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಊಟದ ನಡುವೆ ಅವನು ಕೈ ತೊಳೆಯಲು ಕೆಳಗೆ ಹೋಗಿ ಬಂದಿದ್ದ. ಕೈ ತೊಳೆಯುವ ಜಾಗ ಬಾರಿನ ಬಾಗಿಲಿಗೆ ಅಂಟಿಕೊಂಡೇ ಇದೆ.

"ಕೈ ತೊಳಿಯಾಕ ಅಷ್ಟೊತ್ತು ಬೇಕೇನ್ರಿ?" ಎಂದು ಅವಳು ಕೇಳುತ್ತಿದ್ದಳು. ಕಿರುಚುತ್ತಿರಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

ಅವನು ತಲೆ ಎತ್ತದೆ, ತಾಯಿಯ ಆಣೆ, ಕುಡಿದಿಲ್ಲ ಎಂದ. ಆಣೆಗಳ ಕಾಲ ಮುಗಿದಿತ್ತು ಎಂದು ಕಾಣುತ್ತದೆ. ಅವಳು ಆಗಲೇ ನಾರಾಯಣಖೇಡದ ಅಣ್ಣನಿಗೆ ಫೋನು ಮಾಡಿದ್ದಳು. ಇನ್ನೊಂದು ಸಲ ಕುಡಿದರೆ ತವರಿಗೆ ಹೋಗುವವಳು, ತಿರುಗಿ ಬರುವವಳಲ್ಲ ಎಂದು ಹಿರಿಯರ ಮುಂದೆ ಮಾತಾಗಿತ್ತಂತೆ. ಸಂಜೆಯ ಬಸ್ಸಿಗೆ ಬರುತ್ತೇನೆ ಎಂದು ಅಣ್ಣ ಹೇಳಿದ್ದ. ತಾಯಿ ಸೊಸೆಯ ಕಡೆಗೂ ಮಗನ ಕಡೆಗೂ ನೋಡಲಾಗದೆ ತಟ್ಟೆಯನ್ನೇ ನೋಡುತ್ತಿದ್ದರು. ತಟ್ಟೆಯಲ್ಲಿ ಕಪ್ಪು ಸಾಸು ಅಂಟಿತ್ತು. ಅವರೂ ತಿಂದಿದ್ದರು.

ನಾನು ತಿರುಗಿ ಕೆಳಗೆ ಓಡಿದೆ. ಖಾಜಾ ಭಾಯಿಯನ್ನು ಕೇಳಿದೆ, ಆ ಮನುಷ್ಯ ಕೌಂಟರಿಗೆ ಬಂದೇ ಇಲ್ಲ ಎಂದು ಅವನು ಖಡಾಖಂಡಿತ ಹೇಳಿದ. ಅಡುಗೆಮನೆಯಲ್ಲಿ ಉಸ್ತಾದರು ಸೌಟು ಹಿಡಿದು ನಿಂತಿದ್ದರು. ವಿಷಯ ಹೇಳಿದೆ. ಹೇಳಿ ಮುಗಿಸುವ ಮೊದಲೇ ಮಾಲೀಕರು ಬಂದರು. ಯಾರೂ ಬಾಯಿ ಬಿಡಬೇಡಿ ಎಂದರು. ಗಾಡಿ ಕೊಡುತ್ತೇನೆ, ಆಸ್ಪತ್ರೆಗೆ ಕಳಿಸಿ, ಹಳೆಯ ಕುಡುಕ, ಎಲ್ಲಿಯೋ ಕುಡಿದು ಬಂದಿದ್ದಾನೆ ಎಂದು ಅವರೇ ಅಂದುಕೊಳ್ಳುತ್ತಾರೆ, ನಾವು ಹೇಳುವುದೇನಿದೆ? ಶರಣರ ಮನೆಯ ಮುದುಕಿಗೆ ಬೀರು ತಿನ್ನಿಸಿದೆವೆಂದು ಊರೆಲ್ಲ ಹಬ್ಬಿದರೆ ಮೇಲಿನ ಸೆಕ್ಷನ್ನಿಗೆ ಬೀಗ ಹಾಕಬೇಕಾಗುತ್ತದೆ ಎಂದರು.

ಡಾಕ್ಟರಿಗೆ ಏನು ಹೇಳುವುದು ಎಂದು ನಾನು ಕೇಳಿದೆ. ಹೊಟ್ಟೆಯಲ್ಲಿ ಎಷ್ಟಿದೆ ಎಂದು ಅವರು ಕೇಳುತ್ತಾರೆ, ಕುಡಿದೇ ಇಲ್ಲ ಎಂದು ಅವನು ಹೇಳುತ್ತಾನೆ, ಇಡೀ ಬಾಟಲಿ ಎಂದು ಹೆಂಡತಿ ಹೇಳುತ್ತಾಳೆ, ಔಷಧ ಯಾರ ಮಾತಿಗೆ ಕೊಡುವುದು? ಕೇಳಿದ್ದು ಮಾಲೀಕರನ್ನು. ಆದರೆ ನನಗೆ ಬೇಕಾಗಿದ್ದವರು ಮಾಲೀಕರಲ್ಲ. ಉಸ್ತಾದರು ಬಾಣಲೆಯನ್ನೇ ನೋಡುತ್ತ, ಮೆಲ್ಲಗೆ, "ಕುದ್ದದ ತಂಗಿ. ಎಲ್ಲಾ ಕುದ್ದದ" ಎಂದರು. ಸುಳ್ಳು ಹೇಳುತ್ತಿರಲಿಲ್ಲ. ನಂಬಿದ್ದನ್ನೇ ಹೇಳುತ್ತಿದ್ದರು, ಅದಕ್ಕೇ ಅವರನ್ನು ಸೋಲಿಸುವುದು ಕಷ್ಟವಿತ್ತು.

ಕುದ್ದರೂ ಅಮಲು ಎಷ್ಟು ಉಳಿಯುತ್ತದೆ ಎಂಬ ಲೆಕ್ಕ, ಫೋನಿನ ಸಾಕ್ಷಿ, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಬಿಟ್ಟೆ. ಒಂದನ್ನೇ ಕೇಳಿದೆ.

"ಕಡೀಗಿ ಒಂದು ಸೌಟು ಹಾಕಿದ್ರಲ್ಲ ಉಸ್ತಾದ್, ಅದು ಕುದ್ದದೇನ್ರಿ?"

ಅವರು ನನ್ನನ್ನು ನೋಡಿದರು. ಒಲೆ ಆರಿಸಿ ಆಮೇಲೆ ಹಾಕಿದ ಕೈ ಅವರದೇ. ಅವರ ನಂಬಿಕೆಯ ಪ್ರಕಾರವೇ ಅದು ಅಡುಗೆಯಾಗಿರಲಿಲ್ಲ. ಉರಿಯುತ್ತಿದ್ದ ಒಲೆಗಳನ್ನೆಲ್ಲ ಒಂದೊಂದಾಗಿ ಆರಿಸಿದರು. ಮಾಲೀಕರು ಅಡ್ಡ ನಿಂತು, ಹೋದರೆ ಈ ಅಡುಗೆಮನೆಗೆ ಮರಳಿ ಬರಬೇಡ ಎಂದರು. ಉಸ್ತಾದರು ಅವರ ಪಕ್ಕದಿಂದ ಹಾದು ಮೆಟ್ಟಿಲು ಹತ್ತಿದರು. ಹಿಂದೆಯೇ ನಾನು.

ಮೇಲೆ ಬಸವರಾಜನಿಗೆ ವಾಂತಿಯಾಗಿತ್ತು. ಪಕ್ಕದ ಮೇಜಿನವರು ಎದ್ದು ನಿಂತು ನೋಡುತ್ತಿದ್ದರು. ಉಸ್ತಾದರು ಶಾರದಾಳ ಮುಂದೆ ಹೋಗಿ ನಿಂತರು.

"ತಂಗಿ, ಅಂವ ಕುಡದಿಲ್ಲ. ನಾ ಕುಡಿಸೀನಿ."

ಅವಳಿಗೆ ಅರ್ಥವಾಗಲಿಲ್ಲ. ಅವರು ತಟ್ಟೆ ತೋರಿಸಿದರು. "ಇದರಾಗ ಬೀರ್ ಅದ. ನಾನೇ ಹಾಕೀನಿ. ಅವನಿಗಿ ಗೊತ್ತಿಲ್ಲ."

ಇಡೀ ಸೆಕ್ಷನ್ ಕೇಳುವಂತೆ ಹೇಳಿದರು. ಮುದುಕಿ ತಲೆ ಎತ್ತಿದರು. "ನಿನ್ನ ಹೆಸರ ಕೇಳಿ ತಿಂದೇವಪಾ ವೀರಣ್ಣ" ಎಂದರು, ಅಷ್ಟೇ. ಬೈದಿದ್ದರೆ ಉಸ್ತಾದರು ತಡೆದುಕೊಳ್ಳುತ್ತಿದ್ದರು. ಅವರು ಬಗ್ಗಿ ಬಸವರಾಜನ ಕಂಕುಳಿಗೆ ಭುಜ ಕೊಟ್ಟು ಎಬ್ಬಿಸಿದರು. ಖಾಜಾ ಭಾಯಿ ಇನ್ನೊಂದು ಕಡೆ ಹಿಡಿದ. ಗಾಡಿಯಲ್ಲಿ ದಾರಿಯುದ್ದಕ್ಕೂ ಅವನ ನಾಡಿ ನನ್ನ ಬೆರಳ ಕೆಳಗೆ ಕುದುರೆಯಂತೆ ಓಡುತ್ತಿತ್ತು. ನಡುನಡುವೆ ಕೈಗೆ ಸಿಗದಂತೆ ಸಣ್ಣಗಾಗುತ್ತಿತ್ತು, ಆಗೆಲ್ಲ ಬೆರಳು ಒತ್ತಿ ಹುಡುಕುತ್ತಿದ್ದೆ.

ಆಸ್ಪತ್ರೆಯಲ್ಲಿ ಉಸ್ತಾದರು ಡಾಕ್ಟರಿಗೂ ಹೇಳಿದರು. ಏನು ಹಾಕಿದ್ದು, ಎಷ್ಟು ಕುದಿಸಿದ್ದು, ಕೊನೆಗೆ ಹಸಿಯಾಗಿ ಹಾಕಿದ್ದೆಷ್ಟು. ಡಾಕ್ಟರು ಬೇರೇನೂ ಕೇಳದೆ ಸಲೈನ್ ಹಚ್ಚಿದರು, ಎದೆಗೆ ತಂತಿ ಅಂಟಿಸಿದರು. ಬಿ.ಪಿ. ಬಹಳ ಇಳಿದಿದೆ, ಕಾಯಬೇಕು ಎಂದರು.

ನಾವು ಹೊರಗಿನ ಬೆಂಚಿನಲ್ಲಿ ಕಾಯುತ್ತ ಕೂತೆವು. ಮುಂದೆ ಆದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಉಸ್ತಾದರು ಆ ಹೋಟೆಲಿಗೆ ಮರಳಿ ಹೋಗಲಿಲ್ಲ. ಮಾಲೀಕರು ಮಾರನೆಯ ದಿನವೇ ಮೆನುವಿನಲ್ಲಿ ಬೀರು ಎಂದು ಬರೆಸಿದರು. ಧರ್ಮಬುದ್ಧಿಯಿಂದಲ್ಲ, ಹೆದರಿಕೆಯಿಂದ. ಹೆದರಿಕೆಯಿಂದ ಬರೆದರೂ ಅಕ್ಷರ ಓದಿಸಿಕೊಳ್ಳುತ್ತದೆ, ನನಗದು ಸಾಕು. ಹೊಸಬರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಕೈಯ ಮೇಲೆ ಜನ ನಂಬಿಕೆ ಇಟ್ಟಷ್ಟೂ ತಟ್ಟೆಯಲ್ಲಿ ಏನಿದೆ ಎಂದು ಕೇಳುವುದನ್ನು ಬಿಡುತ್ತಾರೆ. ಆಗ ಅವರು ಕೇಳದಿದ್ದರೂ ಹೇಳಬೇಕಾದವರು ನೀವು. ಇದು ನನ್ನ ಪಕ್ಷ. ಇದರ ವಿರೋಧ ಮಾತನಾಡುವ ಚೀಟಿ ಬಂದರೆ ನಾನು ಸ್ಪರ್ಧೆಯನ್ನೇ ಬಿಟ್ಟು ಬರುತ್ತೇನೆ.

ಆ ದಿನ ಸಂಜೆಯ ಹೊತ್ತಿಗೆ ಬಸವರಾಜನ ಮುಖದ ಕೆಂಪು ಇಳಿದು, ಎದೆಬಡಿತ ಹದಕ್ಕೆ ಬಂತು. ನಮ್ಮನ್ನು ಒಳಗೆ ಬಿಟ್ಟರು. ಡಾಕ್ಟರು ಶಾರದಾಳಿಗೆ, ಮಾತ್ರೆ ದಿನವೂ ತಪ್ಪದೆ ಒಳಗೆ ಹೋಗಿರುವುದಕ್ಕೇ ಇಷ್ಟೆಲ್ಲ ಆದದ್ದು, ಬಿಟ್ಟಿದ್ದರೆ ಆ ಸಾಸಿನಿಂದ ಅವನಿಗೆ ಏನೂ ಆಗುತ್ತಿರಲಿಲ್ಲ ಎಂದು ಹೇಳಿ ಹೋದರು. ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

ಬಸವರಾಜ ಕಣ್ಣು ತೆರೆದು ಕೇಳಿದ. "ವೀರಣ್ಣ ಬಂದು ಹೇಳದಿದ್ರ, ನೀ ಹೋಗ್ತಿದ್ದಿ ಅಲ್ಲ?"

"ಹೋಗ್ತಿದ್ದೆ" ಎಂದಳು ಅವಳು.

ಆಮೇಲೆ ಫೋನು ತೆಗೆದು ಅಣ್ಣನಿಗೆ ಹಚ್ಚಿದಳು. ಬರಬೇಡ, ತಿರುಗಿ ಹೋಗು ಎಂದಳು. ಅವರು ಕುಡಿದಿಲ್ಲ ಎಂದಳು. ಅತ್ತ ಕಡೆಯಿಂದ ಅಣ್ಣ ನಂಬಲಿಲ್ಲ, ದನಿ ನಮಗೂ ಕೇಳುತ್ತಿತ್ತು. ಅವನು ನಿನಗೆ ಇನ್ನೊಂದು ಸುಳ್ಳು ಹೇಳಿದ್ದಾನೆ, ನೀನು ಎಂದಿನಂತೆ ಕರಗಿದ್ದೀಯ ಎನ್ನುತ್ತಿದ್ದ. ಅವಳು ಮತ್ತೆ ಹೇಳಿದಳು. ಅವನು ಮತ್ತೆ ನಂಬಲಿಲ್ಲ. ಡಾಕ್ಟರ ಮಾತು, ಉಸ್ತಾದರ ಮಾತು, ಯಾವುದನ್ನೂ ಅವಳು ಸಾಕ್ಷಿಗೆ ತರಲಿಲ್ಲ. ಅದನ್ನೆಲ್ಲ ಹೇಳಿಬಿಡಲು ನನ್ನ ನಾಲಿಗೆ ತುರಿಸುತ್ತಿತ್ತು. ಬಸವರಾಜ ಮಂಚದಿಂದ ಅವಳನ್ನೇ ನೋಡುತ್ತಿದ್ದ.

"ನಾ ಹೇಳಾಕತ್ತೀನಲ್ಲ ಅಣ್ಣಾ" ಎಂದಳು, ಎದ್ದು ನಿಂತು. "ನನ್ನ ಮಾತಿಗಿ ಕಿಮ್ಮತ್ತ ಇಲ್ಲೇನು?"